ಅಪ್ಪೆಹುಳಿ ಮತ್ತು ಆಕಳಿಕೆಯ ಪಟ್ಟು

ಸಿಟ್ಟಿನಲ್ಲಿರುವವರಿಗೆ ನಿದ್ದೆ ಬರುವುದಿಲ್ಲ ಎಂದು ನಾನು ಐವತ್ತನಾಲ್ಕು ವರ್ಷ ನಂಬಿಕೊಂಡಿದ್ದೆ. ಈ ನಂಬಿಕೆಗೆ ಆಧಾರವೇನು ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಕಳೆದ ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಮೈಯೆಲ್ಲ ಸಿಟ್ಟಾಗಿ, ಕೈಯಲ್ಲಿ ನಾಲ್ಕು ಅಂಶಗಳ ಚೀಟಿ ಹಿಡಿದುಕೊಂಡು, ಎದುರಾಳಿಯನ್ನು ನೇರ ನೋಡುತ್ತಲೇ ನಾನು ನಿದ್ದೆಹೋದೆ. ಬಾಯಿ ತೆರೆದಿತ್ತಂತೆ. ಇಲ್ಲಿ ‘ಅಂತೆ’ ಎಂದು ಬರೆಯುವುದು ಕೂಡ ಸಣ್ಣದೊಂದು ಅಪ್ರಾಮಾಣಿಕತೆ. ಏಕೆಂದರೆ ಅದರ ವಿಡಿಯೋವನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ನನ್ನನ್ನು ಹೊಡೆದದ್ದು ಏನು ಎಂಬುದನ್ನು ವಿವರಿಸಿದವಳು ಅಕ್ಕನ ಮಗಳು ಸಿಂಚನಾ. ಹುಬ್ಬಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಎರಡು ವರ್ಷ ವಿಜ್ಞಾನ ಕಲಿಸಿ, ಈಗ ಸರಕಾರಿ ಹೈಸ್ಕೂಲಿನ ಕೆಲಸದ ಪರೀಕ್ಷೆಗೆ ಓದಲೆಂದು ಶಿರಸಿಗೆ ಬಂದಿದ್ದಾಳೆ. ಓದಿ ತಲೆ ಕಾದಾಗ ಅವಳು ಅಂಗೈಯಗಲದ ಒಂದು ಯಂತ್ರದಲ್ಲಿ ರಾಕ್ಷಸರನ್ನು ಕಾದಾಡಿಸುತ್ತಾಳೆ. ರಾಕ್ಷಸರು ಎಂದರೆ ಕೋರೆಹಲ್ಲು ಕಲ್ಪಿಸಿಕೊಳ್ಳಬೇಡಿ. ಹೆಚ್ಚಿನವು ಬೆಕ್ಕಿನ ಮರಿಯ ಹಾಗೆ, ಇನ್ನು ಕೆಲವು ಬದನೆಕಾಯಿಯ ಹಾಗೆ ಇರುತ್ತವೆ. ನಾವೊಂದನ್ನು ಕಣಕ್ಕೆ ಬಿಡಬೇಕು, ಎದುರಿನವರು ಒಂದನ್ನು. ಒಬ್ಬರ ಸರದಿಯಾದ ಮೇಲೆ ಇನ್ನೊಬ್ಬರದು. ಅವುಗಳಲ್ಲಿ ಕೆಲವಕ್ಕೆ ನಿದ್ದೆ ಬರಿಸುವ ಪಟ್ಟು ಗೊತ್ತು. ಒಂದು ಪುಡಿ ಉದುರಿಸುತ್ತದೆ, ಒಂದು ಹಾಡುತ್ತದೆ, ಒಂದು ದಿಟ್ಟಿಸಿ ನೋಡುತ್ತದೆ. ಇವು ಆಗೀಗ ಗುರಿ ತಪ್ಪುವುದೂ ಉಂಟು. ಆದರೆ ಒಂದು ಮಂದ ಮುಖದ ಪ್ರಾಣಿ ಇದೆ. ಅದು ಎದುರು ನಿಂತು ಸುಮ್ಮನೆ ಆಕಳಿಸುತ್ತದೆ. ತಕ್ಷಣಕ್ಕೆ ಏನೂ ಆಗುವುದಿಲ್ಲ. ನಮ್ಮ ಪ್ರಾಣಿಗೆ ಜೊಂಪು ಹತ್ತುತ್ತದೆ, ಅಷ್ಟೆ. ಇನ್ನೂ ಒಂದು ಸರದಿ ನಮ್ಮ ಕೈಯಲ್ಲಿರುತ್ತದೆ. ಆಗ ಅದನ್ನು ವಾಪಸು ಕರೆಸಿ ಬೇರೆಯದನ್ನು ಬಿಟ್ಟರೆ ಬಚಾವು. ‘ಒಂದೇ ಒಂದು ಏಟು ಹೊಡೆದುಬಿಡುತ್ತೇನೆ’ ಎಂದು ಹಟ ಹಿಡಿದು ಅಲ್ಲೇ ನಿಲ್ಲಿಸಿದರೆ, ಆ ಸರದಿ ಮುಗಿಯುತ್ತಲೂ ಅದು ದೊಪ್ಪನೆ ಮಲಗುತ್ತದೆ. ಆಮೇಲೆ ನಾವು ಗುಂಡಿ ಒತ್ತುತ್ತಲೇ ಇರಬಹುದು. ಅದು ನಿದ್ದೆಯಲ್ಲಿದೆ ಎಂಬ ಒಂದು ಸಾಲು ಪ್ರತಿ ಸಲವೂ ಪರದೆಯ ಮೇಲೆ ಮೂಡುತ್ತದೆ, ಎದುರಿನವರು ಹೊಡೆಯುತ್ತಿರುತ್ತಾರೆ.

ಇದನ್ನು ಅವಳು ನನಗೆ ಹೇಳಿಕೊಟ್ಟದ್ದು ಪ್ರೀತಿಯಿಂದಲ್ಲ, ಬೈಯುವುದಕ್ಕೆ. ಬೈಗುಳವನ್ನು ಇಷ್ಟು ವಿವರವಾಗಿ ನನಗೆ ಇದುವರೆಗೆ ಯಾರೂ ಕೊಟ್ಟಿರಲಿಲ್ಲ.

ಸಂಗತಿ ಇಷ್ಟು. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕಿನವರು ಸದಸ್ಯರಾಗಿರುವ ಹಳೆಯ ಸಂಘವೊಂದಿದೆ. ಶಿರಸಿಯಲ್ಲಿ ಅದರ ಕಟ್ಟಡ: ಮುಂದೆ ಸಭಾಭವನ, ಹಿಂದೆ ಊಟದ ಹಾಲ್ ಮತ್ತು ಅಡುಗೆಮನೆ, ಅದರ ಪಕ್ಕಕ್ಕೆ ಒಂದು ಓದುವ ಕೋಣೆ. ಎರಡು ಉದ್ದ ಮೇಜು, ಹದಿನಾರು ಕುರ್ಚಿ, ನಾಲ್ಕು ಕಪಾಟು. ಸಿಂಚನಾ ದಿನವೂ ಬೆಳಗ್ಗೆಯಿಂದ ಸಂಜೆಯವರೆಗೆ ಅಲ್ಲೇ ಕುಳಿತು ಓದುತ್ತಾಳೆ. ಮನೆಯಲ್ಲಿ ಓದುವುದಕ್ಕೆ ಸಾಧ್ಯವಿಲ್ಲ. ಅವಳ ಅಪ್ಪ, ಅಂದರೆ ನನ್ನ ಭಾವ, ಮನೆಯಲ್ಲೇ ಮಿಕ್ಸರ್ ಗ್ರೈಂಡರ್ ರಿಪೇರಿ ಮಾಡುತ್ತಾರೆ. ಇರುವ ಎರಡೇ ಕೋಣೆಯಲ್ಲಿ ದಿನವಿಡೀ ಯಾವುದೋ ಊರಿನ ಯಾವುದೋ ಮಿಕ್ಸರ್ ಏನೂ ಇಲ್ಲದ ಜಾರಿನಲ್ಲಿ ಗರ್ರೆನ್ನುತ್ತಿರುತ್ತದೆ. ನನ್ನ ಬಾಡಿಗೆ ಕೋಣೆಯ ಗೋಡೆಯಾಚೆ ವೆಲ್ಡಿಂಗ್ ಶಾಪು. ಪರೀಕ್ಷೆಗೆ ಇದ್ದದ್ದು ಐದು ತಿಂಗಳು. ಈ ಹೊತ್ತಿನಲ್ಲಿ ಸಂಘದ ಆಡಳಿತ ಮಂಡಳಿಗೆ ಹೊಳೆದದ್ದೇನೆಂದರೆ, ಓದುವ ಕೋಣೆಯ ಗೋಡೆ ಒಡೆದು ಅಡುಗೆಮನೆಯನ್ನು ದೊಡ್ಡದು ಮಾಡಬೇಕು. ಕಾರಣ, ದೊಡ್ಡ ಸಮಾರಂಭಗಳಲ್ಲಿ ಬಡಿಸುವವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರಂತೆ. ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಅದು ಒಂಬತ್ತನೇ ವಿಷಯ.

ನಾನು ಸದಸ್ಯೆ, ಸಿಂಚನಾ ಅಲ್ಲ. ‘ನೀನು ಓದ್ಕೋ, ಅದನ್ನ ಆನು ನೋಡ್ಕಂಬೆ’ ಎಂದು, ಅಂದರೆ ನಾನು ನೋಡಿಕೊಳ್ಳುತ್ತೇನೆ ಎಂದು, ಅವಳಿಗೆ ಮಾತು ಕೊಟ್ಟೆ. ಚೀಟಿಯಲ್ಲಿ ನಾಲ್ಕು ಅಂಶ ಬರೆದುಕೊಂಡೆ. ಕನ್ನಡಿಯ ಮುಂದೆ ನಿಂತು ಒಮ್ಮೆ ಹೇಳಿಯೂ ನೋಡಿದೆ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಿಲ್ಲ, ಮುಂದಿನದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

ನಮ್ಮ ಕಡೆಯ ಸಭೆಗಳ ಕ್ರಮ ಹೊರಗಿನವರಿಗೆ ತಿಳಿದಿರಲಾರದು. ಹನ್ನೊಂದಕ್ಕೆ ಶುರು. ಪ್ರಾರ್ಥನೆ, ಸ್ವಾಗತ, ವರದಿ. ಆಮೇಲೆ ಸನ್ಮಾನ. ಆಮೇಲೆ ಸನ್ಮಾನಿತರ ಮಾತು. ಅಷ್ಟರಲ್ಲಿ ಒಂದು ಗಂಟೆಯಾಗುತ್ತದೆ, ‘ಉಳಿದ ವಿಷಯಗಳನ್ನು ಊಟದ ನಂತರ ಎತ್ತಿಕೊಳ್ಳೋಣ’ ಎಂದು ಘೋಷಣೆಯಾಗುತ್ತದೆ. ಊಟವೆಂದರೆ ಕಾಯಿ ಹೋಳಿಗೆ ಇರುವ ಊಟ. ಕೊನೆಗೆ, ಮೇ ತಿಂಗಳಾದ್ದರಿಂದ, ಅಪ್ಪೆಹುಳಿ. ಅಪ್ಪೆಮಾವಿನ ಎಳೆಗಾಯಿಯನ್ನು ಬೇಯಿಸಿ ಕಿವುಚಿ, ಧಾರಾಳ ನೀರು ಬೆರೆಸಿ, ಉಪ್ಪು ಹಸಿಮೆಣಸು ಹಾಕಿ, ಇಂಗು ಸಾಸಿವೆಯ ಒಗ್ಗರಣೆ ಕೊಟ್ಟ ಹುಳಿನೀರು. ಅನ್ನಕ್ಕೆ ಕಲಸಿ ಉಣ್ಣುವುದು ನೆಪ. ಲೋಟಕ್ಕೆ ಬಗ್ಗಿಸಿ ಕುಡಿಯುವುದು ಧರ್ಮ. ಕುಡಿದರೆ ನಿದ್ದೆ ಬರುತ್ತದೆ ಎಂಬುದು ಇಲ್ಲಿನ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಅದು ಮಾವಿನ ಗುಣವೋ, ಇಂಗಿನದೋ, ಅದಕ್ಕೂ ಮುಂಚೆ ತಿಂದ ನಾಲ್ಕು ಹೋಳಿಗೆಯದೋ ಎಂಬುದನ್ನು ಯಾರೂ ಪರೀಕ್ಷಿಸಿದಂತಿಲ್ಲ. ಪರೀಕ್ಷಿಸಬೇಕೆಂದು ಕುಳಿತವರು ಮಲಗಿರಬೇಕು.

ಗೊತ್ತಿದ್ದೂ ಕುಡಿದೆ. ಒಂದು ಲೋಟಕ್ಕೆ ನಿಲ್ಲಿಸುವುದು ಎಂದುಕೊಂಡಿದ್ದೆ. ಎರಡನೆಯದನ್ನು ಅಧ್ಯಕ್ಷರೇ ಸೌಟು ಹಿಡಿದು ಬಂದು ಬಡಿಸಿದರು. ಪಂಕ್ತಿಯಲ್ಲಿ ಹಿರಿಯರೊಬ್ಬರು ಬಾಗಿ ಬಡಿಸಲು ನಿಂತಾಗ ಲೋಟದ ಮೇಲೆ ಕೈ ಅಡ್ಡ ಹಿಡಿಯುವ ಧೈರ್ಯ ನನಗೆ ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿದರೂ ಬಂದಿಲ್ಲ.

ಎರಡು ಗಂಟೆಗೆ ಸಭೆ ಮುಂದುವರಿಯಿತು. ತಲೆಯ ಮೇಲೆ ಫ್ಯಾನು, ಎದುರಿಗೆ ಅಧ್ಯಕ್ಷರ ಮಾತು. ಅವರ ಕಂಠದಲ್ಲಿ ಏರಿಳಿತವಿಲ್ಲ, ವಾಕ್ಯಕ್ಕೆ ಕೊನೆಯಿಲ್ಲ. ಐದನೇ ವಿಷಯದ ತನಕ ನನಗೆ ನೆನಪಿದೆ. ನೆನಪಿದೆ ಎಂದುಕೊಂಡಿದ್ದೇನೆ ಎನ್ನುವುದು ಹೆಚ್ಚು ಸರಿ.

ಈಗ ನನ್ನ ಡೈರಿಯ ವಿಷಯ. ಮೂವತ್ತೊಂದು ವರ್ಷದಿಂದ ಬರೆಯುತ್ತಿದ್ದೇನೆ. ಬರೆಯುವುದಕ್ಕೆ ಕಾರಣವೇ ನೆನಪಿನ ಮೇಲೆ ನಂಬಿಕೆಯಿಲ್ಲದಿರುವುದು. ಇತಿಹಾಸದ ತರಗತಿಯಲ್ಲಿ ನಮಗೆ ಕಲಿಸಿದ ಮೊದಲ ಪಾಠ, ಘಟನೆಗೆ ಎಷ್ಟು ಹತ್ತಿರದಲ್ಲಿ ಬರೆದಿದ್ದರೋ ಅಷ್ಟು ಆ ದಾಖಲೆ ಗಟ್ಟಿ ಎಂಬುದು. ಆ ಭಾನುವಾರ ಸಂಜೆ ಆರು ಗಂಟೆಗೆ, ನನ್ನದೇ ಕೈಯಕ್ಷರದಲ್ಲಿ ಬರೆದಿದ್ದೇನೆ: ‘ಒಂಬತ್ತನೇ ವಿಷಯಕ್ಕೆ ಎದ್ದು ನಿಂತು ವಿರೋಧಿಸಿದೆ. ನಾಲ್ಕೂ ಅಂಶ ಹೇಳಿದೆ. ಸಭೆ ನಿಶ್ಶಬ್ದವಾಯಿತು. ಅಧ್ಯಕ್ಷರು ಪರಿಶೀಲಿಸುತ್ತೇವೆ ಎಂದರು.’ ಎರಡು ವಾರದ ನಂತರ ಸಂಘದ ಸೂಚನಾ ಫಲಕದಲ್ಲಿ ನಡಾವಳಿ ಅಂಟಿಸಿದರು. ಒಂಬತ್ತನೇ ವಿಷಯ, ಸರ್ವಾನುಮತದಿಂದ ಅಂಗೀಕರಿಸಲಾಯಿತು. ಗೋಡೆ ಒಡೆಯುವುದು ಜುಲೈಯಲ್ಲಿ.

ನನಗೆ ಬಂದ ಸಿಟ್ಟನ್ನು ವರ್ಣಿಸುವುದಿಲ್ಲ. ಸುಳ್ಳು ನಡಾವಳಿ, ನನ್ನ ವಿರೋಧವನ್ನೇ ನುಂಗಿಬಿಟ್ಟಿದ್ದಾರೆ ಎಂದು ಕಂಡವರಿಗೆಲ್ಲ ಹೇಳಿದೆ. ಪೇಟೆಯಲ್ಲಿ ತರಕಾರಿ ಕೊಳ್ಳುವವರಿಗೂ ಹೇಳಿದೆ. ಆಮೇಲೆ ಡೈರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಾರ್ಯದರ್ಶಿಗಳ ಕೋಣೆಗೆ ನುಗ್ಗಿದೆ. ಕಾರ್ಯದರ್ಶಿ ಚನ್ನಬಸಪ್ಪನವರು ಬನವಾಸಿಯವರು, ಅನಾನಸ್ ಬೆಳೆಯುವವರು, ಎದುರಿನವರ ದನಿ ಎಷ್ಟು ಏರಿದರೂ ತಮ್ಮದನ್ನು ಏರಿಸದ ಜಾತಿಯ ಮನುಷ್ಯ. ನಾನು ಡೈರಿ ತೆರೆದು ಓದಿದೆ. ಸುಳ್ಳು ಬರೆಯಲು ನಾಚಿಕೆಯಾಗಲಿಲ್ಲವೇ ಎಂದು ಕೇಳಿದೆ. ಅವರು ಕುರ್ಚಿಯ ಮೇಲಿನ ಫೈಲು ತೆಗೆದರು.

‘ಕೂಡ್ರಿ ಮೇಡಂ. ನಾ ಯಾಕ ಸುಳ್ಳ ಬರೀಲಿ? ಇದೊಂದು ನೋಡ್ರಿ’ ಎಂದು ಮೊಬೈಲು ಮುಂದೆ ಹಿಡಿದರು.

ಸಂಘದ ಮೊಬೈಲ್ ಗುಂಪಿಗೆ ಹಾಕಲು ಯಾರೋ ತೆಗೆದು, ಆಮೇಲೆ ಹಾಕದೆ ಬಿಟ್ಟಿದ್ದ ವಿಡಿಯೋ. ಅಧ್ಯಕ್ಷರ ದನಿ ಒಂಬತ್ತನೇ ವಿಷಯ ಎನ್ನುತ್ತದೆ, ಕ್ಯಾಮರಾ ಸಭೆಯ ಮೇಲೆ ನಿಧಾನ ಸಾಗುತ್ತದೆ. ಮೂರನೇ ಸಾಲಿನಲ್ಲಿ ನೀಲಿ ಸೀರೆ, ಹಿಂದಕ್ಕೆ ವಾಲಿದ ಕತ್ತು, ಬಾಯಿ ಸಾಕಷ್ಟು ಅಗಲ. ಕೈಯಲ್ಲಿ ಚೀಟಿ ಇನ್ನೂ ಇತ್ತು ಎಂಬುದೊಂದು ಸಮಾಧಾನ. ‘ಯಾರದಾದರೂ ಆಕ್ಷೇಪ?’ ಎಂದು ದನಿ ಕೇಳುತ್ತದೆ. ಫ್ಯಾನಿನ ಶಬ್ದ. ಆಮೇಲೆ ಒಂದು ಗೊರಕೆ. ಅದು ನನ್ನದೋ ಪಕ್ಕದವರದೋ ಎಂಬುದು ವಿಡಿಯೋದಿಂದ ಸ್ಪಷ್ಟವಾಗುವುದಿಲ್ಲ. ಈ ಸಂದೇಹದ ಲಾಭವನ್ನು ನಾನೇ ಇಟ್ಟುಕೊಂಡಿದ್ದೇನೆ.

ಎದ್ದು ನಿಂತು ಮಾತಾಡಿದ್ದು ಕನಸಿನಲ್ಲಿ. ಸಭೆ ನಿಶ್ಶಬ್ದವಾದದ್ದು ಮಾತ್ರ ನಿಜ. ಕನಸನ್ನು ಅದೇ ಸಂಜೆ, ನೀಲಿ ಶಾಯಿಯಲ್ಲಿ, ದಿನಾಂಕ ಹಾಕಿ, ದಾಖಲೆ ಮಾಡಿದ್ದೆ. ಮೂವತ್ತೊಂದು ವರ್ಷದ ಡೈರಿಗಳು ನನ್ನ ಕಪಾಟಿನಲ್ಲಿ ಸಾಲಾಗಿ ನಿಂತಿವೆ. ಅವುಗಳಲ್ಲಿ ನಾನು ಎದ್ದು ನಿಂತು ಹೇಳಿದ ಮಾತುಗಳು ಬಹಳ ಇವೆ. ಎಷ್ಟನ್ನು ಊಟದ ನಂತರ ಹೇಳಿದ್ದೆನೋ ಈಗ ತಿಳಿಯುವುದು ಹೇಗೆ?

ಸಿಂಚನಾಳಿಗೆ ಹೇಳಲೇಬೇಕಾಯಿತು. ಓದುವ ಕೋಣೆಯಲ್ಲೇ ಹೇಳಿದೆ, ಅಲ್ಲಿ ದನಿ ಏರಿಸುವಂತಿಲ್ಲ ಎಂಬ ಜಾಣತನದಿಂದ. ಅವಳು ಏರಿಸಲಿಲ್ಲ. ಆ ಯಂತ್ರವನ್ನು ತೆಗೆದು, ಆಕಳಿಕೆಯ ಪಟ್ಟನ್ನು ನಾನು ಮೇಲೆ ಬರೆದಷ್ಟೇ ವಿವರವಾಗಿ ತೋರಿಸಿದಳು. ಅವಳ ಬೆಂಕಿ ಉಗುಳುವ ಪ್ರಾಣಿ ಎದುರಿನ ಮಂದ ಪ್ರಾಣಿಯ ಮುಂದೆ ತೂಕಡಿಸಿ ಬಿತ್ತು. ಆಮೇಲೆ ಯಂತ್ರವನ್ನು ಬಂದ್ ಮಾಡಿ ಮೇಜಿನ ಮೇಲೆ ಇಟ್ಟಳು.

‘ನಿಂಗೂ ಒಂದು ಸರದಿ ಇತ್ತು ಚಿಕ್ಕಿ. ಎರಡನೇ ಲೋಟ ಬಂದಾಗ ಎದ್ಕಂಡು ಹೋಗವಾಗಿತ್ತು. ನೀ ನಿದ್ದೆ ಮಾಡಿದ್ದೆ. ಈಗ ಆನು ಎಲ್ಲಿ ಕೂತ್ಕಂಡು ಓದವು?’

ಸಿಕ್ಕಿಬಿದ್ದಾಗ ನಾನು ಪುರಾಣಕ್ಕೆ ಓಡುತ್ತೇನೆ. ನಮ್ಮಲ್ಲೂ ಸಮ್ಮೋಹನಾಸ್ತ್ರ ಎಂಬುದಿದೆ. ಬಿಟ್ಟರೆ ಇಡೀ ಸೇನೆ ಇದ್ದಲ್ಲೇ ಮಲಗುತ್ತದೆ. ಒಂದು ಯುದ್ಧದಲ್ಲಿ ಹಾಗೆ ಮಲಗಿದ ಮಹಾರಥರ ಮೇಲುವಸ್ತ್ರಗಳನ್ನು ಗೆದ್ದವರು ಬಿಚ್ಚಿಕೊಂಡು ಹೋದರಂತೆ, ಅರಮನೆಯ ಹುಡುಗಿಯ ಗೊಂಬೆಗೆ ಉಡಿಸಲು. ಅಲ್ಲಿ ನಿದ್ದೆ ಬರಿಸಿ ಶಾಲು ಕಿತ್ತುಕೊಂಡರು. ನಮ್ಮಲ್ಲಿ ಶಾಲು ಹೊದಿಸಿ ನಿದ್ದೆ ಬರಿಸುತ್ತಾರೆ. ಆಯುಧ ಇಷ್ಟು ಸುಧಾರಿಸಿದೆ. ಯುದ್ಧದಲ್ಲಿ ಮಲಗಿದವನಿಗೆ ಎಚ್ಚರವಾದ ಮೇಲೆ ತಾನು ಸೋತದ್ದಾದರೂ ಗೊತ್ತಾಗುತ್ತಿತ್ತು. ನಮ್ಮವರು ಎಚ್ಚರಾದ ಮೇಲೆ ಚಪ್ಪಾಳೆ ತಟ್ಟಿ, ಎಲೆ ಅಡಿಕೆ ಹಾಕಿಕೊಂಡು, ಊಟ ಬಹಳ ಚೆನ್ನಾಗಿತ್ತು ಎಂದು ಹೇಳಿ ಬಸ್ಸು ಹತ್ತುತ್ತಾರೆ.

ಸಂಘದ ನಿಯಮದಲ್ಲಿ ಒಂದು ದಾರಿ ಇತ್ತು. ಮೂವತ್ತು ಸದಸ್ಯರು ಸಹಿ ಹಾಕಿ ಕೇಳಿದರೆ ವಿಶೇಷ ಸಭೆ ಕರೆಯಲೇಬೇಕು. ಜೂನ್ ತಿಂಗಳ ಮೊದಲ ಮೂರು ವಾರ ನಾನು ಬಸ್ಸಿನಲ್ಲೇ ಇದ್ದೆ. ಮೊದಲು ಹೋದದ್ದು ಯಲ್ಲಾಪುರ ತಾಲೂಕಿನ ಮಂಚಿಕೇರಿಗೆ, ಮೂರು ಮನೆ. ಮೂರರಲ್ಲೂ ಒಂದೇ ಮಾತು: ಎಲ್ಲರೂ ಸೇರಿ ಒಪ್ಪಿದ್ದಲ್ಲವೇ, ಈಗ ತಗಾದೆ ಯಾಕೆ. ಮೂರರಲ್ಲೂ ಊಟಕ್ಕೆ ಏಳಿ ಎಂದರು. ಮೂರರಲ್ಲೂ ಅಪ್ಪೆಹುಳಿ. ನಾನು ಲೋಟದ ಮೇಲೆ ಕೈ ಇಟ್ಟೆ, ಮೂರು ಮನೆಯವರಿಗೂ ಬೇಸರವಾಯಿತು, ಸಹಿ ಒಂದೂ ಸಿಗಲಿಲ್ಲ. ಭೈರುಂಬೆಯಲ್ಲೂ ಇದೇ ಹಾಡು.

ಬದಲಾದದ್ದು ಸಿದ್ದಾಪುರದಲ್ಲಿ, ಗಂಗತ್ತೆಯ ಮನೆಯಲ್ಲಿ. ಗಂಗತ್ತೆ ನನಗೆ ದೂರದ ನೆಂಟರು, ಎಂಬತ್ತರ ಹತ್ತಿರ, ಸಂಘದ ಅತಿ ಹಳೆಯ ಸದಸ್ಯೆ. ಆ ಸಭೆಯಲ್ಲಿ ನನ್ನ ಪಕ್ಕದಲ್ಲಿ ಕುಳಿತವರು. ಅವರೂ ಊಟಕ್ಕೆ ಕೂರಿಸಿದರು, ನಾನು ಲೋಟ ಮುಚ್ಚಿದೆ.

‘ಎಂತಕ್ಕೆ ಬ್ಯಾಡ? ಡಾಕ್ಟ್ರು ಬಿಡು ಅಂದ್ರನೆ?’ ಎಂದು ಕೇಳಿದರು.

ಸಾಕಾಗಿತ್ತು ನನಗೆ. ಮೊಬೈಲು ತೆಗೆದು ಆ ವಿಡಿಯೋ ತೋರಿಸಿದೆ. ಅದನ್ನು ಚನ್ನಬಸಪ್ಪನವರು ಅಂದೇ ನನಗೆ ಕಳಿಸಿದ್ದರು. ಗಂಗತ್ತೆ ಕನ್ನಡಕ ಹಾಕಿಕೊಂಡು ನೋಡಿದರು. ಮತ್ತೊಮ್ಮೆ ಹಾಕು ಎಂದರು. ಅವರು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ಗಲ್ಲ ಎದೆಗೆ ತಾಗಿಸಿ ಕುಳಿತ ತಮ್ಮನ್ನೇ ನೋಡುತ್ತಿದ್ದರು.

‘ನೀನೂ ಮಲಗಿದ್ಯನೆ? ಆನೊಬ್ಬಳೇ ಅಂತ ಮಾಡಿದ್ದೆ ಮಾರಾಯ್ತಿ. ನಾಚಿಕೆಯಾಗಿ ಮನೇಲೂ ಹೇಳಿದ್ದಿಲ್ಲೆ’ ಎಂದು ಸಹಿಗೆ ಕೈ ಚಾಚಿದರು.

ನನಗೆ ಆಗ ಅರ್ಥವಾಯಿತು ಸರ್ವಾನುಮತ ಎಂದರೇನೆಂದು. ಒಬ್ಬೊಬ್ಬರೂ ನಿದ್ದೆ ಮಾಡಿದ್ದು ತಾವೊಬ್ಬರೇ, ಉಳಿದವರೆಲ್ಲ ಎಚ್ಚರಿದ್ದು ಒಪ್ಪಿದ್ದಾರೆ ಎಂದು ನಂಬಿ ಮರ್ಯಾದೆಗೆ ಬಾಯಿ ಮುಚ್ಚಿಕೊಂಡಿದ್ದರು. ಆ ಮೌನಗಳನ್ನು ಕೂಡಿಸಿ ನಡಾವಳಿಯಲ್ಲಿ ಬರೆದಿದ್ದರು. ಅಧ್ಯಕ್ಷರು ಬೇಕೆಂದೇ ಹೀಗೆ ಮಾಡಿದರೇ ಎಂದು ನೀವು ಕೇಳಬಹುದು. ನಾನೂ ಬಹಳ ದಿನ ಕೇಳಿಕೊಂಡೆ. ಹೌದು ಎಂದಾದರೆ ನನ್ನ ಸಿಟ್ಟಿಗೆ ಅನುಕೂಲವಿತ್ತು. ಆದರೆ ಅವರು ಎರಡನೇ ಲೋಟ ಬಡಿಸಿದ್ದು ಉಪಚಾರಕ್ಕೇ ಇರಬೇಕು. ಉಪಚಾರದಿಂದ ಇಷ್ಟು ಕೆಲಸವಾಗುತ್ತದೆ ಎಂಬುದೇ ನನ್ನ ಸಿಟ್ಟಿಗೆ ಈಗ ಕಾರಣ. ಕೆಡುಕು ಮಾಡಬೇಕೆಂದು ಬಂದವರನ್ನು ಎದುರಿಸಬಹುದು. ‘ಇನ್ನೊಂಚೂರು’ ಎಂದು ಸೌಟು ಹಿಡಿದು ಬರುವವರನ್ನು ಏನು ಮಾಡುವುದು?

ಅಲ್ಲಿಂದ ಮುಂದೆ ನನ್ನ ಕ್ರಮ ಬದಲಾಯಿತು. ಮನೆಗೆ ಹೋಗಿ ಕುಳಿತ ಕೂಡಲೇ ನಾಲ್ಕು ಅಂಶ ಬಿಟ್ಟು, ಮೊದಲು ನನ್ನ ತೆರೆದ ಬಾಯಿ ತೋರಿಸುತ್ತಿದ್ದೆ. ಜನ ನಗುತ್ತಿದ್ದರು. ಆಮೇಲೆ ಹಿಂದಿನ ಸಾಲಿನಲ್ಲಿ ತಮ್ಮನ್ನು ಹುಡುಕಿಕೊಳ್ಳುತ್ತಿದ್ದರು. ಆಮೇಲೆ ಪೆನ್ನು ಕೇಳುತ್ತಿದ್ದರು. ಸಿಂಚನಾಳ ಆಟದಲ್ಲಿ ಗೊರಕೆ ಎಂಬ ಪಟ್ಟೂ ಇದೆಯಂತೆ. ನಿದ್ದೆಯಲ್ಲಿರುವ ಪ್ರಾಣಿ ಮಾತ್ರ ಅದನ್ನು ಹಾಕಬಲ್ಲದು. ಎಚ್ಚರವಿದ್ದರೆ ಅದು ನಡೆಯುವುದಿಲ್ಲ. ಸಿಟ್ಟು ಸ್ವಲ್ಪ ಇಳಿದ ಮೇಲೆ ಅವಳೇ ಇದನ್ನು ಹೇಳಿದಳು, ಪುಸ್ತಕದಿಂದ ತಲೆಯೆತ್ತದೆ. ಮಂಚಿಕೇರಿಯ ಮೂರು ಮನೆಗೆ ಮತ್ತೆ ಹೋದೆ. ಎರಡು ಸಹಿ ಸಿಕ್ಕವು. ಮೂರನೇ ಮನೆಯ ಯಜಮಾನರು ವಿಡಿಯೋದಲ್ಲಿ ನಿಜವಾಗಿಯೂ ಎಚ್ಚರವಾಗಿ ಕುಳಿತಿದ್ದರು, ಅಡುಗೆಮನೆ ದೊಡ್ಡದಾಗುವುದು ಅವರಿಗೆ ನಿಜವಾಗಿಯೂ ಬೇಕಿತ್ತು. ಅವರಿಗೆ ಕೈಮುಗಿದು ಬಂದೆ.

ಮೂವತ್ನಾಲ್ಕು ಸಹಿಯಾದವು. ವಿಶೇಷ ಸಭೆ ಜೂನ್ ಕೊನೆಯ ಭಾನುವಾರ ಬೆಳಗ್ಗೆ ಹತ್ತಕ್ಕೆ, ಮತ ಆದ ಮೇಲೇ ಊಟ. ಹಾಗೆಂದು ಅರ್ಜಿಯಲ್ಲೇ ಬರೆದಿದ್ದೆವು. ಅರ್ಜಿಯಲ್ಲಿ ಊಟದ ಹೊತ್ತು ನಮೂದಿಸಿದ್ದನ್ನು ಓದಿ ಚನ್ನಬಸಪ್ಪನವರು ಒಂದು ಕ್ಷಣ ನನ್ನ ಮುಖ ನೋಡಿದರು, ಸ್ವೀಕೃತಿಯ ಮೊಹರು ಒತ್ತಿದರು.

ಅಧ್ಯಕ್ಷರು ಹತ್ತೂಕಾಲಿಗೆ ಮಾತಾಡಲು ನಿಂತರು. ಸಂಘದ ಹುಟ್ಟಿನಿಂದ ಶುರುಮಾಡಿದರು. ಹನ್ನೊಂದಾದರೂ ಸಂಘಕ್ಕೆ ಇನ್ನೂ ಕಟ್ಟಡವಾಗಿರಲಿಲ್ಲ. ಖಾಲಿ ಹೊಟ್ಟೆಯಲ್ಲೂ ನನ್ನ ರೆಪ್ಪೆ ಭಾರವಾಗತೊಡಗಿತು. ತಪ್ಪೆಲ್ಲ ಅಪ್ಪೆಹುಳಿಯದೇ ಆಗಿರಲಿಲ್ಲ ಎಂದಾಯಿತು. ಇದೇ ಆ ಒಂದು ಸರದಿ ಎಂದುಕೊಂಡು, ಎದ್ದು ಹೊರಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದೆ. ಬಾಗಿಲಲ್ಲಿ ನಿಂತಾಗ ಕಂಡಿತು: ಸದಸ್ಯರಲ್ಲದವರಿಗೆ ಹಾಕಿದ ಹಿಂದಿನ ಬೆಂಚಿನಲ್ಲಿ ಕುಳಿತ ಸಿಂಚನಾ ಬಾಯಿಗೆ ಕೈ ಅಡ್ಡವಿಡದೆ ದೊಡ್ಡದಾಗಿ ಆಕಳಿಸಿದಳು. ಅವಳ ಮುಂದಿನವರು ಆಕಳಿಸಿದರು. ಗಂಗತ್ತೆ ಆಕಳಿಸಿದರು. ಅದು ಸಾಲಿನಿಂದ ಸಾಲಿಗೆ ಮುಂದೆ ಹೋಗಿ ವೇದಿಕೆ ಹತ್ತಿತು. ಅಧ್ಯಕ್ಷರ ಬಾಯಿ ‘ಅಂದಿನ ಹಿರಿಯರು’ ಎಂಬಲ್ಲಿ ತೆರೆದದ್ದು ತೆರೆದಂತೆಯೇ ನಿಂತಿತು. ಆಕಳಿಕೆ ಮುಗಿದ ಮೇಲೆ ಅಂದಿನ ಹಿರಿಯರು ಏನು ಮಾಡಿದರೆಂಬುದು ಅವರಿಗೆ ಮರೆತುಹೋಗಿತ್ತು. ಕಾಗದ ತಿರುವಿದರು, ನೀರು ಕುಡಿದರು, ‘ಇರಲಿ, ವಿಷಯಕ್ಕೆ ಬರೋಣ’ ಎಂದು ಕುಳಿತರು.

ನಾನು ನಾಲ್ಕು ಅಂಶ ಹೇಳಿದೆ. ಎರಡು ನಿಮಿಷ ಸಾಕಾಯಿತು. ಕೈ ಎಣಿಸಿದರು. ಓದುವ ಕೋಣೆ ಇರಲಿ ಎಂದವರು ನಲವತ್ತೊಂದು, ಬೇಡ ಎಂದವರು ಹತ್ತೊಂಬತ್ತು. ಮಂಚಿಕೇರಿಯ ಆ ಯಜಮಾನರು ಹತ್ತೊಂಬತ್ತರಲ್ಲಿ ಒಬ್ಬರು, ಕೈಯನ್ನು ನೆಟ್ಟಗೆ ಎತ್ತಿ ಹಿಡಿದಿದ್ದರು.

ನಡಾವಳಿಗೆ ಸಹಿ ಹಾಕಲು ಹೋದೆ. ಚನ್ನಬಸಪ್ಪನವರು ಬರೆದಾಗಿತ್ತು. ಓದಿದೆ: ‘ಹಿಂದಿನ ಠರಾವನ್ನು ಸರ್ವಾನುಮತದಿಂದ ರದ್ದುಪಡಿಸಲಾಯಿತು.’ ಇಳಿದಿದ್ದ ಸಿಟ್ಟು ಒಮ್ಮೆಲೇ ತಲೆಗೇರಿತು. ಅವರ ಕೈಗೆ ಆ ಶಬ್ದ ರೂಢಿಯಾಗಿಬಿಟ್ಟಿದೆ, ಬೇರೇನೂ ಅಲ್ಲ. ಹೊಡೆದು ಹಾಕಿ ಎಂದೆ. ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು.

‘ನಿಮಗ ಬೇಕಾದಂಗ ಆಗೇತಲ್ರಿ ಮೇಡಂ. ಮತ್ಯಾಕ ಸಿಟ್ಟು?’

‘ಹತ್ತೊಂಬತ್ತು ಜನ ಎಚ್ಚರ ಇದ್ದು ಬೇಡ ಅಂದಿದ್ದಾರೆ. ಅವರನ್ನ ನೀವು ಮಲಗಿಸಬೇಡಿ’ ಎಂದೆ.

ಅವರು ಪೆನ್ನು ತೆಗೆದು, ಗೀಟು ಹಾಕಿ, ಎರಡೂ ಸಂಖ್ಯೆಯನ್ನು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು.

ಬೇಕೆಂದೇ ಆಕಳಿಸಿದೆಯಾ ಎಂದು ಸಿಂಚನಾಳನ್ನು ಕೇಳಿದ್ದೇನೆ. ಬೆಳಗ್ಗೆ ಐದಕ್ಕೆ ಎದ್ದು ಓದಿದ್ದೆ, ನಿದ್ದೆ ಬಂದಿತ್ತು ಎನ್ನುತ್ತಾಳೆ. ನಂಬುವುದೋ ಬಿಡುವುದೋ ತಿಳಿದಿಲ್ಲ. ಅವಳು ಅಂದು ಊಟಕ್ಕೂ ಕಾಯದೆ ಓದುವ ಕೋಣೆಗೆ ಹೋಗಿ ಕುಳಿತಳು. ನಾನು ಅವಳ ಎದುರು ಕುಳಿತು, ಕಂಡದ್ದನ್ನೆಲ್ಲ ಡೈರಿಯಲ್ಲಿ ಬರೆದು ಮುಗಿಸಿ, ಆಮೇಲೆ ಪಂಕ್ತಿಗೆ ಹೋದೆ. ಅಧ್ಯಕ್ಷರು ಸೌಟು ಹಿಡಿದು ಬಂದರು. ಮುಖದಲ್ಲಿ ಎಳ್ಳಷ್ಟು ಬೇಸರವಿರಲಿಲ್ಲ. ಲೋಟ ಮುಂದಿಟ್ಟೆ, ಮುಗಿದ ಮೇಲೆ ಮತ್ತೊಮ್ಮೆ ಮುಂದಿಟ್ಟೆ. ಆ ದಿನದ ಪುಟದ ಕೆಳಗೆ ಒಂದು ಸಾಲು ಮೊದಲೇ ಬರೆದಿಟ್ಟಿದ್ದೆ: ‘ಮೇಲಿನದೆಲ್ಲ ಊಟಕ್ಕೆ ಮುಂಚೆ ಬರೆದದ್ದು. ಇದರ ನಂತರ ನಾನು ಏನಾದರೂ ಹೇಳಿದ್ದರೆ ಯಾರೂ ನಂಬಬಾರದು.’